ಸರಸರ ಕಂಪನಿಗೆ ವಾಪಸ್ ಬಂದ ಗಂಟು

ಮಕ್ಕಳೇ, ಹತ್ತಿರ ಬನ್ನಿ. ಈ ಕತೆ ಓಡುವ ಕತೆ. ಅದು ಓಡಿದರೆ ನಾನೂ ಓಡಬೇಕಾಗುತ್ತದೆ. ನೀವು ಅರ್ಧದಲ್ಲಿ ಎದ್ದು ಹೋಗಿ, ಆಮೇಲೆ ಬಂದು "ಏನಾಯಿತು, ಏನಾಯಿತು" ಎಂದರೆ ನಾನು ಹೇಳುವವನಲ್ಲ.

ಒಂದು ಕಾಡು. ಕಾಡಿನ ಎತ್ತರದ ತುದಿಯಲ್ಲಿ ಒಂದು ಕೆರೆ. ತಗ್ಗಿನ ತುದಿಯಲ್ಲಿ ಒಂದು ದೊಡ್ಡ ಆಲದ ಮರ. ಎರಡರ ನಡುವೆ ಬೋಳುಬಂಡೆ. ಅಲ್ಲಿ ಒಂದು ಗಿಡವಿಲ್ಲ, ಒಂದು ಹುಲ್ಲುಕಡ್ಡಿ ಇಲ್ಲ, ಉದ್ದಕ್ಕೂ ಬರೀ ಕಲ್ಲು. ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ಕಾಲಿಟ್ಟರೆ ಕಾದ ಕಾವಲಿಯ ಮೇಲೆ ಇಟ್ಟಂತೆ.

ಕೆರೆಯ ದಡದಲ್ಲಿ ಸರಸರ ಪಾರ್ಸಲ್ ಕಂಪನಿ ಇತ್ತು. ಅದರ ಯಜಮಾನರು ಮುಳ್ಳುಹಂದಿ ಕೆಂಚಯ್ಯನವರು. ಯಾರು ಯಾರಿಗೆ ಏನು ಕಳಿಸಬೇಕಾದರೂ ಅಲ್ಲಿಗೆ ಬರಬೇಕು. ಜೇನುಹುಟ್ಟು, ನೆಲ್ಲಿಕಾಯಿ, ಗೂಡಿಗೆ ಬೇಕಾದ ಹತ್ತಿ, ಎಲ್ಲವನ್ನೂ ತೇಗದ ಎಲೆಯಲ್ಲಿ ಸುತ್ತಿ ಗಂಟು ಕಟ್ಟುತ್ತಿದ್ದರು. ಕಳಿಸುವವರು ಒಳಗೆ ಏನಿದೆ ಎಂದು ಜೋರಾಗಿ ಹೇಳಬೇಕು. ಗುಮಾಸ್ತ ಮರಕುಟಿಗ ಪರಮೇಶಿ ಅದನ್ನು ಒಂದು ತೊಗಟೆಯ ಚೀಟಿಯ ಮೇಲೆ ಕುಟ್ಟಿ ಕುಟ್ಟಿ ಬರೆದು ಗಂಟಿಗೆ ಕಟ್ಟುತ್ತಿದ್ದ.

ಕಂಪನಿಯ ಬಾಗಿಲ ಬಳಿ ಒಂದು ಕಲ್ಲು. ಕೆಂಚಯ್ಯನವರ ಅಜ್ಜನ ಕಾಲದ್ದು. ಅದರ ಮೇಲೆ ಹೀಗೆ ಕೆತ್ತಿತ್ತು: "ಚೀಟಿಯಲ್ಲಿ ಬರೆದದ್ದೇ ಗಂಟಿನಲ್ಲಿ ಇರಬೇಕು. ಪಡೆದವರು ಬಿಚ್ಚಿ ನೋಡಿ ಗುರುತು ಹಾಕಲಿ. ಬೇರೆ ಏನಾದರೂ ಬಂದಿದ್ದರೆ ಅದೇ ದಿನ ಸೂರ್ಯ ಮುಳುಗುವುದರೊಳಗೆ ವಾಪಸ್ ತರಲಿ. ಕಂಪನಿ ಮರುಮಾತಿಲ್ಲದೆ ತೆಗೆದುಕೊಳ್ಳುತ್ತದೆ."

ಈ ಕಲ್ಲನ್ನು ನೆನಪಿಟ್ಟುಕೊಳ್ಳಿ. ಕತೆಯಲ್ಲಿ ಇದ್ದವರು ಬೇಕಾದ ಹೊತ್ತಿಗೆ ನೆನಪಿಟ್ಟುಕೊಳ್ಳಲಿಲ್ಲ, ನೀವಾದರೂ ಇಟ್ಟುಕೊಳ್ಳಿ.

ಗಂಟು ಹೊರುವವರು ಬಹಳ ಜನ. ಮೊಲಗಳು, ಅಳಿಲುಗಳು, ನಲವತ್ತು ಕಾಗೆಗಳು. ಎಲ್ಲರಿಗಿಂತ ಭಾರದ ಗಂಟು ಹೊರುತ್ತಿದ್ದವಳು ಕತ್ತೆ ಬೋರಮ್ಮ. ಎಲ್ಲರಿಗಿಂತ ಬೇಗ ಕೆಲಸ ಮುಗಿಸುತ್ತಿದ್ದವನು ಮುಂಗುಸಿ ಭರಮಣ್ಣ.

ಭರಮಣ್ಣನ ವೇಗ ಏನು ಕೇಳುತ್ತೀರಿ. ಬೆಳಗಿನ ಇಬ್ಬನಿ ಆರುವ ಮೊದಲೇ ಹಗುರವಾದ ಗಂಟುಗಳನ್ನು ಆರಿಸಿಕೊಂಡು ಹೊರಟರೆ ಬಿಸಿಲು ಏರುವ ಹೊತ್ತಿಗೆ ಅವನ ಕೆಲಸ ಮುಗಿದಿರುತ್ತಿತ್ತು. ಕೊಟ್ಟ, ಗುರುತು ಹಾಕಿಸಿದ, ಹೊರಟ. ಅವನ ಸೊಂಟದಲ್ಲಿ ಒಂದು ಸೋರೆಬುರುಡೆ, ಅದರಲ್ಲಿ ಕಲಸಿದ ಕೆಮ್ಮಣ್ಣು. ಪಡೆದವರು ಪಾದವನ್ನೋ ಕೊಕ್ಕನ್ನೋ ಅದರಲ್ಲಿ ಅದ್ದಿ ಚೀಟಿಯ ಮೇಲೆ ಒತ್ತಬೇಕು.

ಒಂದು ದಿನ ಗೀಜಗದ ಸಂಕಮ್ಮನಿಗೆ ಗಂಟು ಬಂತು.

"ತಾಳಪ್ಪಾ, ಬಿಚ್ಚಿ ನೋಡುತ್ತೇನೆ," ಎಂದಳು ಸಂಕಮ್ಮ.

"ಬಿಚ್ಚುವುದು ಆಮೇಲೆ, ಸಂಕಮ್ಮನವರೇ. ಮೊದಲು ಗುರುತು ಹಾಕಿ. ನನಗೆ ಇನ್ನೂ ಒಂಬತ್ತು ಮನೆ ಇದೆ."

ಪಾಪ, ಅವಳು ಕೊಕ್ಕು ಒತ್ತಿದಳು. ಭರಮಣ್ಣ ಮಾಯ. ಬಿಚ್ಚಿ ನೋಡಿದರೆ ಹತ್ತಿಯ ಬದಲು ಒಳಗೆ ಜಾಲಿಮುಳ್ಳು. ಬೇರೆ ಯಾರದೋ ಗಂಟಿನ ಸರಕು ಅದಲುಬದಲಾಗಿತ್ತು. ಅವಳು ಆ ಮುಳ್ಳಿನ ಗಂಟನ್ನು ತಾನೇ ಕಚ್ಚಿಕೊಂಡು, ಸಂಜೆಯೊಳಗೆ ಕಂಪನಿಗೆ ಹಾರಿ, ವಾಪಸ್ ಕೊಟ್ಟು, ಹತ್ತಿ ತಂದಳು. ಮಾರನೆಯ ದಿನ ಭರಮಣ್ಣನನ್ನು ಕಂಡು ಚೆನ್ನಾಗಿ ಬೈದಳು. ಅವನು ನಕ್ಕು ಓಡಿಹೋದ. ನನಗೆ ಅವನ ಮೇಲೆ ಸಿಟ್ಟು ಬರುವುದು ಇಲ್ಲಿಂದ.

ಈಗ ಬೋರಮ್ಮನ ವಿಷಯ. ಹಿಂದಿನ ಬೇಸಿಗೆಯಲ್ಲಿ ಅವಳು ಮೂರು ದೊಡ್ಡ ಗಂಟು ಹೊತ್ತು ಮಟಮಟ ಮಧ್ಯಾಹ್ನ ಬೋಳುಬಂಡೆ ದಾಟುತ್ತಿದ್ದಳು. ನಡುಬಂಡೆಯಲ್ಲಿ ಕಣ್ಣು ಕತ್ತಲೆ ಬಂದು ಕುಸಿದುಬಿದ್ದಳು. ಕಾಗೆಗಳು ನೋಡಿ ಕೂಗದಿದ್ದರೆ ಅವಳ ಕತೆ ಅಲ್ಲೇ ಮುಗಿಯುತ್ತಿತ್ತು. ಕಾಡಿನ ವೈದ್ಯ ಉಡ ಅವಳ ನಾಲಿಗೆ ನೋಡಿ, "ಇನ್ನೊಂದು ಸಲ ಹೀಗೆ ಬಿದ್ದರೆ ಏಳುವುದಿಲ್ಲ ತಾಯಿ," ಎಂದು ನೇರವಾಗಿ ಹೇಳಿಬಿಟ್ಟಿತು.

ಆವತ್ತೇ ಎಲ್ಲರೂ ಆಲದ ಮರದ ಕೆಳಗೆ ಸೇರಿ ಹೊರೆಯವರ ಸಂಘ ಕಟ್ಟಿದರು.

ಕಂಪನಿಗೂ ಹೊರುವವರಿಗೂ ಹಳೆಯ ಒಪ್ಪಂದ ಒಂದಿತ್ತು. ಅದರ ಗಡುವು ಕೆರೆಯ ದಡದ ಮುತ್ತುಗದ ಮರ. ಪ್ರತಿ ವರ್ಷ ಆ ಮರದ ಕೊನೆಯ ಹೂವು ಬಿದ್ದಾಗ ಒಪ್ಪಂದ ಮುಗಿಯುತ್ತದೆ. ಹೊಸದು ಆಗದಿದ್ದರೆ ಯಾರೂ ಗಂಟು ಎತ್ತುವಂತಿಲ್ಲ, ಎತ್ತಿಸುವಂತೆಯೂ ಇಲ್ಲ. ಇಷ್ಟು ವರ್ಷ ಕೆಂಚಯ್ಯನವರು ಹಳೆಯದನ್ನೇ ಮುಂದುವರಿಸಿ ಮುಗಿಸುತ್ತಿದ್ದರು. ಈ ಸಲ ಸಂಘ ಎದ್ದು ನಿಂತಿತು.

"ನಮಗೆ ಬೇಕಾದದ್ದು ಜಾಸ್ತಿ ಇಲ್ಲ," ಎಂದಳು ಬೋರಮ್ಮ. "ಬೇಸಿಗೆಯಲ್ಲಿ ಸೂರ್ಯ ನೆತ್ತಿಗೆ ಬಂದರೆ ಗಂಟು ಇಳಿಸಬೇಕು. ನಮ್ಮ ನೆರಳು ನಮ್ಮಷ್ಟೇ ಉದ್ದ ಆಗುವ ತನಕ ಬಂಡೆ ಹತ್ತುವುದಿಲ್ಲ. ಬಂಡೆಯ ಎರಡೂ ತುದಿಗೆ ನೀರಿನ ಮಡಕೆ ಇಡಬೇಕು. ಅಷ್ಟೇ."

ಎಲ್ಲರೂ ಒಪ್ಪಿದರು. ಮಾತಾಡಲು ಯಾರು ಹೋಗಬೇಕು? ಯಜಮಾನರು ತಮ್ಮ ಬಿಲದಲ್ಲೇ ಮಾತುಕತೆ ಎಂದಿದ್ದರು. ಬಿಲದ ಬಾಯಿ ಕಿರಿದು. ಬೋರಮ್ಮನ ತಲೆ ಮಾತ್ರ ಒಳಗೆ ಹೋಗುತ್ತದೆ, ಮೈ ಹೋಗುವುದಿಲ್ಲ. ಹಾಗಾಗಿ ಭರಮಣ್ಣನನ್ನು ಆರಿಸಿದರು. ಮಾತು ಚುರುಕು, ಹೆದರಿಕೆ ಇಲ್ಲ.

"ಎರಡೇ ದಿನ," ಎಂದ ಭರಮಣ್ಣ ಎದೆ ಉಬ್ಬಿಸಿ. "ಮೂರನೆಯ ದಿನ ಒಪ್ಪಂದ ನಿಮ್ಮ ಕೈಯಲ್ಲಿ."

"ಬೇಗ ಬೇಡ, ಸರಿಯಾಗಿ ಆಗಲಿ," ಎಂದಳು ಬೋರಮ್ಮ. "ಅವರು ಏನು ಬರೆದಿದ್ದಾರೆ ಅಂತ ಓದಿಸಿಕೋ."

"ಅಯ್ಯೋ ಬೋರಕ್ಕ, ನನಗೆ ಹೇಳಿಕೊಡುತ್ತೀಯಾ?"

ಮಾತುಕತೆ ಶುರುವಾದಾಗ ಮರದ ತುಂಬ ಹೂವು. ಮರ ಕೆಂಪಗೆ ಉರಿಯುತ್ತಿತ್ತು.

ಮೊದಲ ದಿನ ಕೆಂಚಯ್ಯನವರು ನೆಲ್ಲಿಕಾಯಿ ಪಾನಕ ಕೊಟ್ಟರು. ಭರಮಣ್ಣನ ಹೆಂಡತಿ, ಮಕ್ಕಳು, ಅತ್ತೆ, ಅತ್ತೆಯ ಕಾಲುನೋವು, ಎಲ್ಲವನ್ನೂ ವಿಚಾರಿಸಿದರು. ವಿಶ್ರಾಂತಿಯ ಮಾತು ಎತ್ತಿದ ಕೂಡಲೇ ಅವರ ಮೈಮೇಲಿನ ಮುಳ್ಳು ಜರ್ರನೆ ಎದ್ದು ನಿಂತಿತು. ಭರಮಣ್ಣ ನಾಲ್ಕು ಹೆಜ್ಜೆ ಹಿಂದೆ ಸರಿದ.

"ನಾಳೆ ನೋಡೋಣಪ್ಪಾ," ಎಂದರು.

ಎರಡನೆಯ ದಿನ ಮತ್ತೆ ಪಾನಕ. ಮತ್ತೆ ಅತ್ತೆಯ ಕಾಲುನೋವು. ಮೂರನೆಯ ದಿನ ಯಜಮಾನರಿಗೆ ನೆಗಡಿ. ನಾಲ್ಕನೆಯ ದಿನ ನೆಗಡಿ ವಾಸಿಯಾದದ್ದಕ್ಕೆ ಪಾನಕ. ಹೊರಗೆ ಹೂವುಗಳು ಟಪ ಟಪ ಬೀಳುತ್ತಿದ್ದವು. ನೂರು ಉಳಿದವು. ಐವತ್ತು ಉಳಿದವು. ಕಾಗೆಗಳು ದಿನಾ ಎಣಿಸಿ ಆಲದ ಮರಕ್ಕೆ ಸುದ್ದಿ ತರುತ್ತಿದ್ದವು. ಇಪ್ಪತ್ತು ಎಂದಾಗ ಮೊಲಗಳಿಗೆ ನಿದ್ದೆ ಬರಲಿಲ್ಲ. ಏಳು ಎಂದಾಗ ಅಳಿಲುಗಳು ಮರದಿಂದ ಮರಕ್ಕೆ ಸುಮ್ಮನೆ ಓಡತೊಡಗಿದವು.

ಭರಮಣ್ಣನಿಗಂತೂ ಮೈಯೆಲ್ಲಾ ಇರುವೆ ಹರಿದಂತೆ. ಒಂದು ಗಂಟನ್ನು ಎರಡು ಗಳಿಗೆ ಇಟ್ಟುಕೊಂಡರೆ ಕೈ ಕಡಿಯುವ ಮುಂಗುಸಿ ಅವನು. ಹದಿನಾರು ದಿನ ಒಂದೇ ಕೆಲಸ ಎಂದರೆ ಹೇಗೆ ತಾಳಿಯಾನು? ಕೆಂಚಯ್ಯನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಎಳೆಯುತ್ತಿದ್ದರು.

ಹದಿನೇಳನೆಯ ದಿನ ಚಿಗುರುಹಬ್ಬ. ಆ ಕಾಡಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಎಲ್ಲರೂ ಎಲ್ಲರಿಗೂ ಗಂಟು ಕಳಿಸುವ ದಿನ. ಹಬ್ಬದ ಮುನ್ನಾದಿನ ಬೆಳಿಗ್ಗೆ ಮರದಲ್ಲಿ ಉಳಿದದ್ದು ಒಂದೇ ಹೂವು. ತುತ್ತತುದಿಯಲ್ಲಿ, ಗಾಳಿಗೆ ಅಲ್ಲಾಡುತ್ತಿತ್ತು. ಭರಮಣ್ಣ ಬಿಲದೊಳಗೆ ಹೋದ. ಬೋರಮ್ಮ ಹೊರಗೆ ಕುಳಿತಳು.

ಕೆಂಚಯ್ಯನವರು ಈ ಸಲ ಪಾನಕ ಕೊಡಲಿಲ್ಲ. ಮುಳ್ಳೂ ಎಬ್ಬಿಸಲಿಲ್ಲ. ಕೈ ಮುಗಿದರು.

"ಭರಮಣ್ಣ, ನೀನು ಗೆದ್ದೆಯಪ್ಪಾ. ಮಧ್ಯಾಹ್ನದ ವಿಶ್ರಾಂತಿ ಕೊಟ್ಟೆ. ಎರಡು ಮಡಕೆ ನೀರು ಕೊಟ್ಟೆ. ಒಂದು ವರ್ಷದ ಒಪ್ಪಂದ. ಕಲ್ಲುಹಲಗೆಯ ಮೇಲೆ ಕೆತ್ತಿಸಿ ಗಂಟು ಕಟ್ಟಿಸಿದ್ದೇನೆ. ನಿಮ್ಮವರ ಎದುರಿಗೆ ನೀನೇ ಬಿಚ್ಚು. ಆ ಗೌರವ ನಿನ್ನದೇ ಆಗಲಿ."

ಗುಮಾಸ್ತ ಪರಮೇಶಿ ಪದ್ಧತಿಯ ಪ್ರಕಾರ ಯಜಮಾನರು ಹೇಳಿದ್ದನ್ನೆಲ್ಲ ಟಕಟಕ ಚೀಟಿಯ ಮೇಲೆ ಕುಟ್ಟಿದ. "ಒಳಗಿರುವುದು: ಮಧ್ಯಾಹ್ನದ ವಿಶ್ರಾಂತಿ, ಎರಡು ಮಡಕೆ ನೀರು, ಒಂದು ವರ್ಷ. ಯಾರಿಗೆ: ಹೊರೆಯವರ ಸಂಘಕ್ಕೆ." ಗಂಟಿಗೆ ಕಟ್ಟಿದ.

ಭರಮಣ್ಣ ಗಂಟಿನ ದಾರಕ್ಕೆ ಕೈ ಹಾಕಿದ. ಇಲ್ಲ ಎನ್ನಬಾರದು, ಹಾಕಿದ.

"ಬಿಚ್ಚುವುದು ಆಮೇಲಪ್ಪಾ," ಎಂದರು ಕೆಂಚಯ್ಯನವರು ಮೆಲ್ಲಗೆ. "ಮೊದಲು ಗುರುತು ಹಾಕು. ಹೂವು ಬೀಳುತ್ತಾ ಇದೆ."

ಈ ಮಾತನ್ನು ಎಲ್ಲಿ ಕೇಳಿದ್ದೀರಿ, ಮಕ್ಕಳೇ? ಭರಮಣ್ಣನಿಗೆ ಮಾತ್ರ ಅದು ಕೇಳಿದ ಮಾತು ಎನಿಸಲೇ ಇಲ್ಲ. ದಿನಾ ತಾನೇ ಆಡುವ ಮಾತು ತನ್ನ ಕಿವಿಗೆ ಹೊಕ್ಕೀತು ಹೇಗೆ? ಹೊರಗೆ ಕಾಗೆಗಳು "ಬೀಳ್ತಾ ಇದೆ, ಬೀಳ್ತಾ ಇದೆ" ಎಂದು ಕೂಗಿದವು. ಅವನ ಪಾದ ತಾನಾಗಿಯೇ ಕೆಮ್ಮಣ್ಣಿನೊಳಗೆ ಹೋಯಿತು. ಚೀಟಿಯ ಮೇಲೆ ಪಟ್ಟನೆ ಒತ್ತಿದ.

ಅವನು ಹೊರಗೆ ಬರುವುದಕ್ಕೂ ಕೊನೆಯ ಹೂವು ನೆಲಕ್ಕೆ ಬೀಳುವುದಕ್ಕೂ ಸರಿಹೋಯಿತು.

"ಆಯಿತು ಬೋರಕ್ಕ, ಗೆದ್ದೆವು. ಎಲ್ಲಾ ಸಿಕ್ಕಿತು."

"ಓದಿಸಿದೆಯಾ?"

"ಮೇಲೆ ಬರೆದಿದೆಯಲ್ಲ, ನೋಡು. ಎತ್ತಿಕೋ, ಹೋಗೋಣ."

ಬೋರಮ್ಮನ ಮುಖ ಅರಳಿತು. ಒಂದು ವರ್ಷದಿಂದ ಅವಳು ಹೀಗೆ ನಕ್ಕಿರಲಿಲ್ಲ. ಬಿಲದೊಳಗೆ ತಲೆ ಹಾಕಿ ಗಂಟನ್ನು ಕಚ್ಚಿ ಹೊರಗೆ ಎಳೆದುಕೊಂಡಳು. ಕಲ್ಲುಹಲಗೆ ಭಾರ, ಆದರೂ ಅವಳಿಗೆ ಭಾರವೇ ತಿಳಿಯಲಿಲ್ಲ. ಗಂಟಿನ ಮೇಲೆ ಹತ್ತಿ ಭರಮಣ್ಣ ಕುಣಿದ. ಇಬ್ಬರೂ ಇಳಿಜಾರಿನಲ್ಲಿ ಆಲದ ಮರಕ್ಕೆ ಬಂದರು. ಮೊಲಗಳು ಹಿಗ್ಗಿನಿಂದ ಲಾಗ ಹಾಕಿದವು. ಅಳಿಲುಗಳು ಎಲೆ ಉದುರಿಸಿದವು. ಭರಮಣ್ಣ ಎಲ್ಲರ ಎದುರಿಗೆ ದಾರ ಬಿಚ್ಚಿದ, ತೇಗದ ಎಲೆಗಳನ್ನು ಒಂದೊಂದಾಗಿ ಸರಿಸಿದ, ಗಂಟಲು ಸರಿಮಾಡಿಕೊಂಡು ಓದಿದ.

"ಮಧ್ಯಾಹ್ನದ ವಿಶ್ರಾಂತಿ ದಾರಿಯಲ್ಲಿ ನೆರಳು ಸಿಕ್ಕಿದಲ್ಲಿ ಮಾತ್ರ."

ಬೋಳುಬಂಡೆಯಲ್ಲಿ ನೆರಳು ಎಲ್ಲಿದೆ?

ಅವನ ದನಿ ಸಣ್ಣದಾಯಿತು. "ನೀರಿನ ಮಡಕೆಯನ್ನು ಹೊರುವವರೇ ತರಬೇಕು. ಈ ವರ್ಷದಿಂದ ಸೇರುವವರಿಗೆ ವಿಶ್ರಾಂತಿ ಇಲ್ಲ. ಈ ಒಪ್ಪಂದ ಹತ್ತು ವರ್ಷ ನಡೆಯುತ್ತದೆ."

ಹತ್ತು ವರ್ಷ. ಬೋರಮ್ಮ ಬಂಡೆಯ ಕಡೆ ನೋಡಿದಳು. ಹತ್ತು ಬೇಸಿಗೆ ಬೇಡ, ಒಂದನ್ನು ದಾಟಿದರೆ ಹೆಚ್ಚು ಎಂದು ಅವಳಿಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು.

ಕಾಗೆಗಳು ಭರಮಣ್ಣನ ಮೇಲೆ ಮುಗಿಬಿದ್ದವು. "ಓದದೆ ಹೇಗೆ ಒತ್ತಿದೆ? ಕಣ್ಣು ಎಲ್ಲಿತ್ತು ನಿನಗೆ?"

"ಹೂವು ಬೀಳ್ತಿತ್ತು," ಎಂದ ಅವನು. ಅವನಿಗೇ ಆ ಮಾತು ಸಾಲದು ಎನಿಸಿತು. ತಲೆ ತಗ್ಗಿಸಿ ಅತ್ತುಬಿಟ್ಟ. "ಬೋರಕ್ಕ, ನನ್ನನ್ನು ಒದ್ದುಬಿಡು."

"ಒದ್ದರೆ ಮಡಕೆ ಬರುತ್ತದೆಯೇ?" ಎಂದಳು ಬೋರಮ್ಮ. ಅವಳ ಕಣ್ಣು ಗಂಟಿನ ಚೀಟಿಯ ಮೇಲಿತ್ತು. "ಭರಮಣ್ಣ, ಗೀಜಗದ ಸಂಕಮ್ಮ ಆವತ್ತು ಮುಳ್ಳು ಬಂದಾಗ ಏನು ಮಾಡಿದಳು?"

"ವಾಪಸ್ ಕೊಟ್ಟಳು."

"ಗುರುತು ಹಾಕಿದ್ದಳಲ್ಲ?"

"ಹಾಕಿದ್ದಳು. ನಾನೇ ಹಾಕಿಸಿದ್ದೆ." ಭರಮಣ್ಣ ಹಾರಿ ನಿಂತ. ಅವನ ಬಾಲ ನೆಟ್ಟಗಾಯಿತು. "ಚೀಟಿಯಲ್ಲಿ ಬರೆದದ್ದೇ ಗಂಟಿನಲ್ಲಿ ಇರಬೇಕು. ಬೇರೆ ಬಂದರೆ ಸೂರ್ಯ ಮುಳುಗುವುದರೊಳಗೆ ವಾಪಸ್. ಬೋರಕ್ಕ, ಇದು ಒಪ್ಪಂದವೂ ಹೌದು, ಕಂಪನಿಯ ಗಂಟೂ ಹೌದು!"

ಎಲ್ಲರೂ ಮೇಲೆ ನೋಡಿದರು. ಸೂರ್ಯ ನೆತ್ತಿಯ ಮೇಲಿದ್ದ. ಬರುವಾಗ ಇಳಿಜಾರು, ಹೋಗುವಾಗ ಏರು. ಆ ಕಲ್ಲು ಹೊತ್ತು ಏರಬೇಕೆಂದರೆ ಸಂಜೆಯ ತನಕ ಬೇಕು. ಬಿಸಿಲು ಇಳಿಯಲಿ ಎಂದು ಕಾದರೆ ಸೂರ್ಯ ಮುಳುಗುತ್ತಾನೆ. ಈಗಲೇ ಹೊರಡಬೇಕು. ಕೆಂಚಯ್ಯನವರು ಎಲೆಯ ಮೇಲೆ ಬರೆಯುವ ಬದಲು ಕಲ್ಲಿನ ಮೇಲೆ ಕೆತ್ತಿಸಿದ್ದು ಏಕೆ ಎಂದು ಈಗ ತಿಳಿಯಿತಲ್ಲ?

"ನಾನು ಎಳೆಯುತ್ತೇನೆ," ಎಂದು ಭರಮಣ್ಣ ಹಲಗೆಗೆ ಹಲ್ಲು ಹಾಕಿ ಎಳೆದ. ಅದು ಕೂದಲೆಳೆಯಷ್ಟೂ ಅಲುಗಲಿಲ್ಲ. ಮೊಲಗಳೂ ಎಳೆದವು. ಕಲ್ಲು ಕಲ್ಲೇ.

"ಸರಿಯಿರಿ," ಎಂದಳು ಬೋರಮ್ಮ. "ನನ್ನ ಬೆನ್ನಿನ ಮೇಲೆ ಕಟ್ಟಿ."

"ಬೇಡ ಬೋರಕ್ಕ. ವೈದ್ಯರು ಹೇಳಿದ್ದು ನೆನಪಿಲ್ಲವೇ?"

"ನೆನಪಿದೆ. ಇವತ್ತು ಒಂದು ಸಲ ಏರದಿದ್ದರೆ ಹತ್ತು ವರ್ಷ ದಿನಾ ಏರಬೇಕು. ಕಟ್ಟಿ."

ಅವಳು ಹಲಗೆಯ ಕೆಳಗೆ ಬೆನ್ನು ತೂರಿಸಿ ಎತ್ತಿದಳು, ಉಳಿದವರು ಕಟ್ಟಿದರು. ಬೋರಮ್ಮ ಬಂಡೆ ಹತ್ತಿದಳು. ಭರಮಣ್ಣ ಪಕ್ಕದಲ್ಲಿ ನಡೆದ, ಮೊಲ ಅಳಿಲುಗಳು ಹಿಂದೆ ಬಂದವು, ಕಾಗೆಗಳು ಮೇಲೆ ಹಾರಿದವು. ಅವನು ಮಧ್ಯಾಹ್ನ ಈ ಬಂಡೆಯ ಮೇಲೆ ಕಾಲಿಟ್ಟದ್ದು ಇದೇ ಮೊದಲು. ಹತ್ತು ಹೆಜ್ಜೆಗೆ ಪಾದ ಸುಟ್ಟವು. ಇಪ್ಪತ್ತು ಹೆಜ್ಜೆಗೆ ಅವನು ಒಂದೊಂದೇ ಕಾಲು ಎತ್ತಿ ಕುಣಿಯತೊಡಗಿದ. ಈ ಸಲದ ಕುಣಿತ ಬೇರೆ.

"ಓಡಿ ಮುಂದೆ ಹೋಗು, ನಿನಗೆ ಆಗುತ್ತದೆ," ಎಂದಳು ಬೋರಮ್ಮ.

"ಹೋಗುವುದಿಲ್ಲ."

"ಹಾಗಾದರೆ ನನ್ನ ಹೊಟ್ಟೆಯ ಕೆಳಗೆ ಬಾ. ಅಲ್ಲಿ ನೆರಳಿದೆ."

ಅವನು ಅವಳ ಹೊಟ್ಟೆಯ ಕೆಳಗೆ ನಡೆದ. ಮೇಲೆ ಅವಳ ಉಸಿರು ಬುಸುಬುಸು ಎನ್ನುತ್ತಿತ್ತು. ಬೆವರು ಅವನ ತಲೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಇಷ್ಟು ವರ್ಷ ಒಂದೇ ಕಂಪನಿಯಲ್ಲಿ ಇದ್ದರೂ ಅವಳ ಕೆಲಸ ಎಂಥದ್ದು ಎಂದು ಅವನಿಗೆ ಗೊತ್ತೇ ಇರಲಿಲ್ಲ. ಅವನಿಗೆ ನಾಚಿಕೆಯಾಯಿತು.

ನಡುಬಂಡೆ ಬಂತು. ಹಿಂದಿನ ವರ್ಷ ಅವಳು ಬಿದ್ದ ಜಾಗ. ಬೋರಮ್ಮನ ಮುಂಗಾಲು ನಡುಗಿತು. ಒಂದು ಮಂಡಿ ಮಡಚಿಕೊಂಡಿತು.

"ಬೋರಕ್ಕ, ನಿಲ್ಲು," ಎಂದು ಭರಮಣ್ಣ ಹೊರಗೆ ಹಾರಿದ.

"ನಿಂತರೆ ತಡವಾಗುತ್ತದೆ."

"ತಡವಾಗಲಿ. ನೀನು ಬಿದ್ದಮೇಲೆ ಬೇಗ ಹೋಗಿ ಏನು ಮಾಡುವುದು?"

ಹುಟ್ಟಿದ ಮೇಲೆ ಮೊದಲ ಸಲ ಆ ಮುಂಗುಸಿಯ ಬಾಯಿಂದ "ತಡವಾಗಲಿ" ಎಂಬ ಮಾತು ಬಂದಿತ್ತು. ಅವನು ತಲೆ ಎತ್ತಿ ಕಾಗೆಗಳನ್ನು ಕೂಗಿದ. "ಗಂಟಿನ ತೇಗದ ಎಲೆ ಆಲದ ಮರದ ಕೆಳಗೇ ಬಿದ್ದಿವೆ. ಒಬ್ಬೊಬ್ಬರು ಒಂದೊಂದು ಎಲೆ ತನ್ನಿ. ಅಳಿಲುಗಳೇ, ಆಲದ ಮರದ ಹತ್ತಿರದ ಹೊಂಡದಲ್ಲಿ ಎಲೆದೊನ್ನೆ ಅದ್ದಿ ನೀರು ತನ್ನಿ."

ಕಾಗೆಗಳು ಹೋದವು, ಬಂದವು. ನಲವತ್ತು ಕಾಗೆ, ನಲವತ್ತು ತೇಗದ ಎಲೆ. ಎಲೆ ಒಂದೊಂದೂ ಮೊರದಷ್ಟು ಅಗಲ. ಬೋರಮ್ಮನ ತಲೆಯ ಮೇಲೆ ಅವು ಒತ್ತೊತ್ತಾಗಿ ಹಾರುತ್ತ ನಿಂತವು. ಬೋಳುಬಂಡೆಯ ಮೇಲೆ ಮೊದಲ ಸಲ ನೆರಳು ಬಿತ್ತು. ಅಳಿಲುಗಳು ತಂದ ನೀರನ್ನು ಬೋರಮ್ಮ ಕುಡಿದಳು, ಉಳಿದದ್ದನ್ನು ಅವಳ ಗೊರಸಿನ ಮೇಲೆ ಸುರಿದರು. ಮಡಚಿದ ಮಂಡಿ ನಿಧಾನವಾಗಿ ನೆಟ್ಟಗಾಯಿತು.

"ಈಗ ನಡೆ," ಎಂದ ಭರಮಣ್ಣ. "ನಿನ್ನ ಹೆಜ್ಜೆಯಲ್ಲಿ ನಡೆ. ನಾವು ನಿನ್ನ ಜೊತೆ ಬರುತ್ತೇವೆ."

ಬೋರಮ್ಮ ನಡೆದಳು, ನೆರಳೂ ನಡೆಯಿತು. ಮೊಲಗಳು ಹಿಂದಿನಿಂದ ನೂಕಿದವು. ಅವು ನೂಕಿದ್ದರಿಂದ ಏನೂ ಆಗಲಿಲ್ಲ, ಆದರೆ ಬೋರಮ್ಮನಿಗೆ ನಗು ಬಂತು, ಅಷ್ಟಂತೂ ಆಯಿತು.

ಕಂಪನಿಯ ಬಾಗಿಲಿಗೆ ಬಂದಾಗ ಸೂರ್ಯ ಗುಡ್ಡದ ಮೇಲೆ ಒಂದು ಗೇಣು ಉಳಿದಿದ್ದ. ಹಬ್ಬದ ಗಂಟು ಕಳಿಸಲು ಬಂದವರ ಸಾಲು ಕೆರೆಯ ಸುತ್ತ ಬೆಳೆದಿತ್ತು. ಜಿಂಕೆ, ಕಾಡುಕೋಳಿ, ಹಂದಿ, ನವಿಲು, ಎಲ್ಲರೂ ನಿಂತಿದ್ದರು. ಸಾಲಿನ ಮುಂದೆಯೇ ಗೀಜಗದ ಸಂಕಮ್ಮ. ಎಲ್ಲರೂ ಈ ಮೆರವಣಿಗೆಯನ್ನು ಬಾಯಿ ಬಿಟ್ಟು ನೋಡಿದರು.

ಕೆಂಚಯ್ಯನವರು ಹೊರಗೆ ಬಂದರು.

"ಏನಪ್ಪಾ ಇದು?"

"ವಾಪಸ್ ಗಂಟು, ಯಜಮಾನರೇ," ಎಂದ ಭರಮಣ್ಣ. "ಚೀಟಿಯಲ್ಲಿ ಇರುವುದೇ ಒಂದು, ಒಳಗೆ ಇರುವುದೇ ಒಂದು."

"ಗುರುತು ಬಿದ್ದಿದೆ. ನಿನ್ನದೇ ಪಾದ. ಮುಗಿಯಿತು."

"ಗುರುತು ನನ್ನದೇ. ತಪ್ಪೂ ನನ್ನದೇ. ಆದರೆ ಸೂರ್ಯ ಇನ್ನೂ ಮುಳುಗಿಲ್ಲ."

"ಆ ನಿಯಮ ಗಿರಾಕಿಗಳಿಗೆ. ನಿಮಗಲ್ಲ."

ಬೋರಮ್ಮ ಮುಂದೆ ಬಂದಳು. "ಗುಮಾಸ್ತರೇ, ಈ ಚೀಟಿಯನ್ನು ಜೋರಾಗಿ ಓದಿ. ಆಮೇಲೆ ಹಲಗೆಯನ್ನೂ ಓದಿ."

ಪರಮೇಶಿ ಯಜಮಾನರ ಮುಖ ನೋಡಿದ. ಬೋರಮ್ಮನ ಮುಖ ನೋಡಿದ. ತಾನೇ ಕುಟ್ಟಿದ ಚೀಟಿ, ಓದದೆ ಇರುವುದು ಹೇಗೆ? ಓದಿದ. ಹಲಗೆಯನ್ನೂ ಓದಿದ. ಸಾಲಿನಲ್ಲಿ ಗುಜುಗುಜು ಶುರುವಾಯಿತು.

ಸಂಕಮ್ಮ ರೆಕ್ಕೆ ಕೊಡವಿ ಕಲ್ಲಿನ ಮೇಲೆ ಕುಳಿತಳು. "ಕೆಂಚಯ್ಯನವರೇ, ನನಗೆ ಹತ್ತಿ ಎಂದು ಮುಳ್ಳು ಬಂದಾಗ ನಾನೂ ಗುರುತು ಹಾಕಿದ್ದೆ. ನೀವು ವಾಪಸ್ ತೆಗೆದುಕೊಂಡಿರಿ. ಈ ಗಂಟೂ ನಿಮ್ಮ ಕಂಪನಿಯದೇ. ಇದನ್ನು ತೆಗೆದುಕೊಳ್ಳುವುದಿಲ್ಲ ಎಂದರೆ ನಾಳೆ ನನ್ನದನ್ನು ತೆಗೆದುಕೊಳ್ಳುತ್ತೀರಿ ಎಂದು ನಾನು ಹೇಗೆ ನಂಬಲಿ?"

"ಹೌದು ಹೌದು," ಎಂದಿತು ಜಿಂಕೆ. ತನ್ನ ಗಂಟನ್ನು ಎತ್ತಿಕೊಂಡು ಸಾಲಿನಿಂದ ಹೊರಗೆ ಬಂತು. ಅದರ ಹಿಂದೆ ನವಿಲು ಬಂತು, ನವಿಲಿನ ಹಿಂದೆ ಕಾಡುಕೋಳಿ.

ಕೆಂಚಯ್ಯನವರ ಮುಳ್ಳು ಜರ್ರನೆ ಎದ್ದಿತು. ಎಲ್ಲರೂ ನಾಲ್ಕು ಹೆಜ್ಜೆ ಹಿಂದೆ ಸರಿದರು. ಬೋರಮ್ಮ ಸರಿಯಲಿಲ್ಲ. ಅವಳ ಕಾಲುಗಳ ನಡುವೆ ನಿಂತಿದ್ದ ಭರಮಣ್ಣನೂ ಸರಿಯಲಿಲ್ಲ. ಸೂರ್ಯನ ಅಂಚು ಗುಡ್ಡಕ್ಕೆ ತಾಗಿತು.

"ಯಜಮಾನರೇ," ಎಂದ ಭರಮಣ್ಣ ಮೆಲ್ಲಗೆ, "ಸೂರ್ಯ ಮುಳುಗುತ್ತಾ ಇದ್ದಾನೆ. ಕತ್ತಲಾದರೆ ಈ ಸಾಲೆಲ್ಲ ಮನೆಗೆ ಹೋಗುತ್ತದೆ."

ಅವಸರದ ಮಾತು ಈ ಸಲ ಇನ್ನೊಬ್ಬರ ಕಿವಿಗೆ ಬಿದ್ದಿತ್ತು. ಕೆಂಚಯ್ಯನವರು ಸಾಲು ನೋಡಿದರು, ಅಜ್ಜನ ಕಲ್ಲು ನೋಡಿದರು. ಮುಳ್ಳುಗಳು ಒಂದೊಂದಾಗಿ ಮಲಗಿದವು. ಅವರು ಪಾದವನ್ನು ಕೆಮ್ಮಣ್ಣಿನಲ್ಲಿ ಅದ್ದಿ ವಾಪಸ್ ಚೀಟಿಯ ಮೇಲೆ ಒತ್ತಿದರು. ಆಗ ಸೂರ್ಯ ಮುಳುಗಿದ.

ಕಾಗೆಗಳ ಗಲಾಟೆ ಕೆರೆಯ ಆಚೆಗೂ ಕೇಳಿಸಿತು.

"ಸರಿ, ಈಗ ಎತ್ತಿ," ಎಂದರು ಯಜಮಾನರು ಬೇಸರದಿಂದ. "ನಾಳೆ ಹಬ್ಬ. ಇಷ್ಟು ಗಂಟು ಬಿದ್ದಿವೆ."

"ಎತ್ತುವುದು ಹೇಗೆ?" ಎಂದಳು ಬೋರಮ್ಮ. "ಮುತ್ತುಗದ ಮರ ನೋಡಿ. ಹೂವಿಲ್ಲ. ಹೊಸ ಒಪ್ಪಂದ ವಾಪಸ್ ಬಂತು, ಹಳೆಯದು ಮುಗಿಯಿತು. ನೀವು ಎತ್ತಿಸುವಂತಿಲ್ಲ, ನಾವು ಎತ್ತುವಂತಿಲ್ಲ."

ಕೆಂಚಯ್ಯನವರು ಅಲ್ಲೇ ಕುಳಿತುಬಿಟ್ಟರು. "ಹಾಗಾದರೆ ಬಿಲಕ್ಕೆ ಬನ್ನಿ, ಮಾತಾಡೋಣ."

"ಬಿಲ ಬೇಡ. ಇಲ್ಲೇ, ಎಲ್ಲರ ಎದುರಿಗೆ," ಎಂದ ಭರಮಣ್ಣ. "ಬೋರಕ್ಕನೂ ಕೂರಬೇಕು. ಕಲ್ಲು ಬೇಡ, ಎಲೆಯ ಮೇಲೆ ಬರೆಯಿರಿ."

ಹದಿನಾರು ದಿನ ಆಗದ ಮಾತುಕತೆ ಆ ಸಂಜೆ ಮಿಣುಕುಹುಳು ಹೊತ್ತಿಕೊಳ್ಳುವುದರೊಳಗೆ ಮುಗಿಯಿತು. ಸೂರ್ಯ ನೆತ್ತಿಗೆ ಬಂದರೆ ಗಂಟು ಕೆಳಗೆ, ನೆರಳಿದ್ದರೂ ಇಲ್ಲದಿದ್ದರೂ. ಎರಡು ತುದಿಗೆ ಎರಡು ಮಡಕೆ, ತುಂಬಿಸುವುದು ಕಂಪನಿಯ ಕೆಲಸ. ಹಳಬರಿಗೆ ಇದ್ದದ್ದೇ ಹೊಸಬರಿಗೂ. ಒಂದು ವರ್ಷ.

ಪರಮೇಶಿ ಎಲೆಯನ್ನು ಮುಂದೆ ಹಿಡಿದ. ಕೆಂಚಯ್ಯನವರು ಕೆಮ್ಮಣ್ಣು ಸರಿಸಿದರು. "ಹಾಕಪ್ಪಾ ಗುರುತು. ಬೇಗ."

ಭರಮಣ್ಣ ಪಾದವನ್ನು ಹಿಂದಕ್ಕೆ ಕಟ್ಟಿಕೊಂಡು ಕುಳಿತ. "ಗುಮಾಸ್ತರೇ, ಇನ್ನೊಂದು ಸಲ ಓದಿ."

ಓದಿದರು.

"ಇನ್ನೊಂದು ಸಲ. ಹಿಂದೆ ಕುಳಿತ ಮೊಲಗಳಿಗೆ ಕೇಳಿಸಲಿಲ್ಲವಂತೆ."

ಓದಿದರು. ಸಾಲಿನಲ್ಲಿ ಹಂದಿ ಆಕಳಿಸಿತು. ಅಳಿಲೊಂದು ಕುಳಿತಲ್ಲೇ ನಿದ್ದೆ ಹೋಯಿತು. ಮೂರನೆಯ ಸಲ ಓದಿದ ಮೇಲೆ ಭರಮಣ್ಣ ಬೋರಮ್ಮನ ಕಡೆ ತಿರುಗಿದ. "ಬೋರಕ್ಕ, ಮೊದಲು ನೀನು ಹಾಕು. ಹೊರುವವಳು ನೀನು."

ಬೋರಮ್ಮ ಗೊರಸನ್ನು ಅದ್ದಿ ಒತ್ತಿದಳು. ದೊಡ್ಡ ಗುರುತು ಬಿತ್ತು. ಅದರ ಪಕ್ಕದಲ್ಲಿ ಪುಟ್ಟದಾಗಿ ಭರಮಣ್ಣನ ಪಾದ.

ಬೆಳಗಾಗುವ ಮೊದಲೇ, ಬಂಡೆ ತಣ್ಣಗಿರುವಾಗಲೇ, ಹಬ್ಬದ ಗಂಟುಗಳೆಲ್ಲ ಹೊರಟವು. ಭರಮಣ್ಣ ಮೊದಲು ಗೀಜಗದ ಸಂಕಮ್ಮನ ಮನೆಗೆ ಓಡಿದ. ಗಂಟು ಇಳಿಸಿದ. ಸಂಕಮ್ಮ ಅಭ್ಯಾಸದಂತೆ ಕೊಕ್ಕು ಚಾಚಿದಳು.

"ತಾಳಿ ಸಂಕಮ್ಮನವರೇ," ಎಂದು ಅವನು ಕೆಮ್ಮಣ್ಣಿನ ಬುರುಡೆಯನ್ನು ಹಿಂದೆ ಇಟ್ಟುಕೊಂಡ. "ಬಿಚ್ಚಿ ನೋಡಿ. ನಾನು ಕೂತಿರುತ್ತೇನೆ."

ಅವಳು ಒಂದೊಂದೇ ಎಲೆ ಬಿಡಿಸಿ, ಹತ್ತಿಯನ್ನು ಎಳೆ ಎಳೆಯಾಗಿ ನೋಡಿದಳು. ಬೇಕೆಂದೇ ನಿಧಾನ ಮಾಡಿದಳು ಎಂದು ನನ್ನ ಅನುಮಾನ. ಅವನು ಅಲುಗದೆ ಕುಳಿತಿದ್ದ.

ಆ ಬೇಸಿಗೆಯಲ್ಲಿ ಸೂರ್ಯ ನೆತ್ತಿಗೆ ಬಂದಾಗಲೆಲ್ಲ ಆಲದ ಮರದ ಕೆಳಗೆ ಬೋರಮ್ಮ ಗಂಟು ಇಳಿಸಿ ಮಲಗುತ್ತಿದ್ದಳು. ಪಕ್ಕದಲ್ಲಿ ತುಂಬಿದ ಮಡಕೆ ಇರುತ್ತಿತ್ತು. ಭರಮಣ್ಣನ ಕೆಲಸ ಈಗ ಮೊದಲಿನಷ್ಟು ಬೇಗ ಮುಗಿಯುತ್ತಿರಲಿಲ್ಲ. ಮಧ್ಯಾಹ್ನ ಅವನೂ ಅಲ್ಲಿಗೇ ಬಂದು, ಅವಳ ನೆರಳು ಅವಳಷ್ಟೇ ಉದ್ದ ಆಗುವ ತನಕ ಯಾರೂ ಅವಳನ್ನು ಎಬ್ಬಿಸದ ಹಾಗೆ ಕಾವಲು ಕೂರುತ್ತಿದ್ದ.

ನೀತಿ: ಒಪ್ಪಂದವನ್ನು ಬಿಚ್ಚಿ ಓದಿದ ಮೇಲೆಯೇ ಗುರುತು ಹಾಕಬೇಕು, ಅದರ ಭಾರ ಹೊರುವವರಿಗೆ ಎಲ್ಲರಿಗಿಂತ ಮೊದಲು ಓದಿ ಹೇಳಬೇಕು.